ಮಗುಚಿದ ಗ್ರಹ

ನಾನು ಹುಟ್ಟಿದ್ದೂ ಹೊನ್ನಾವರದ ಕಡಲ ಬದಿಗೆ, ನನ್ನನ್ನ ಕೊಟ್ಟಿದ್ದೂ ಹೊನ್ನಾವರದ ಕಡಲ ಬದಿಗೇ. ಬುದ್ಧಿ ಬಂದಾಗಿನಿಂದ ಮಾಡಿದ್ದು ಒಂದೇ ಕೆಲ್ಸ, ಮೀನು ಒಣಗಿಸೂದು. ಬಂಗಡೆ ಸೀಳಿ, ಉಪ್ಪು ಹಾಕಿ, ಹಳೇ ಬಲೆ ಮೇಲೆ ಹರಡೂದು. ಹರಡಿ ಕೂತ್ಕಂಡ್ರೆ ಆಗೂದಿಲ್ಲ. ಬಿಸಿಲು ಒಂದೇ ಬದಿಗೆ ಬಿದ್ರೆ ಮೇಲೆ ಸುಡ್ತದೆ, ಅಡಿಗೆ ಹುಳ ಬೀಳ್ತದೆ. ಮಗುಚ್ತಾ ಇರಬೇಕು. ಕೈಗೆ ಅದು ಎಷ್ಟು ರೂಢಿ ಅಂದ್ರೆ, ಅಂಗಳದಲ್ಲಿ ಬಿಸಿಲಿಗೆ ಎಂತ ಇಟ್ಟಿದ್ರೂ, ಹಪ್ಪಳ ಇರ್ಲಿ, ಒದ್ದೆ ಚಪ್ಪಲಿ ಇರ್ಲಿ, ದಾಟಿ ಹೋಗುವಾಗ ಮಗುಚಿಯೇ ಹೋಗೂದು.

ನನ್ನ ಮಗನ ಮಗಳು ಆಗ ಒಂಬತ್ತನೇ ಕ್ಲಾಸು. ಒಣಗಿದ ಶೆಟ್ಲಿ, ಅಂದ್ರೆ ಸಿಗಡಿ, ಹಾಂಗೆ ಇದ್ದಾಳೆ, ಮೀಸೆ ಒಂದು ಕಮ್ಮಿ. ಇದನ್ನ ಅವ್ಳ ಮುಖಕ್ಕೇ ಹೇಳ್ತೇನೆ. ಅವ್ಳೂ ನಂಗೆ ಬಿಡೂದಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಕುಮಟೆಯಲ್ಲಿ ವಿಜ್ಞಾನ ಪ್ರದರ್ಶನ ಇತ್ತು. ಕುಮಟಾ, ಹೊನ್ನಾವರ, ಭಟ್ಕಳ, ಮೂರೂ ತಾಲೂಕಿನ ಮಕ್ಕಳು ಏನಾದ್ರೂ ಮಾದರಿ ಮಾಡ್ಕಂಡು ಬರಬೇಕು. ಮೊದ್ಲು ಬಂದವ್ರನ್ನ ದೂರದ ಊರಿಗೆ ಕರ್ಕಂಡು ಹೋಗಿ ದೊಡ್ಡ ದುರ್ಬೀನಿನಲ್ಲಿ ನಕ್ಷತ್ರ ತೋರಿಸ್ತಾರಂತೆ. ಒಬ್ರಿಗೆ ಮಾತ್ರ. ನಮ್ಮ ಹುಡ್ಗಿಗೆ ಬಹುಮಾನದ ಲೋಟವೂ ಬೇಡ, ಹೊಗಳಿಕೆಯೂ ಬೇಡ, ಆ ದುರ್ಬೀನಿಗೆ ಒಂದ್ಸಲ ಕಣ್ಣು ಇಡಬೇಕು ಅಷ್ಟೇ. ಉಣ್ಣುವಾಗ ಎಡಗೈ ಮುಷ್ಟಿ ಮಾಡಿ ಕಣ್ಣಿಗೆ ಹಿಡ್ದು ಮಾಡಿನ ಹಂಚು ನೋಡ್ತಿದ್ಲು.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಹುಡ್ಗಿ ಅವ್ಳ ಅಪ್ಪನಿಗೆ ತಾನು ಮಾಡೂ ಗ್ರಹದ ವಿಷಯ ಹೇಳೂಕೆ ಶುರು ಮಾಡಿದ್ಲು.

“ಅದು ಬೇರೆ ಸೂರ್ಯನ ಸುತ್ತ ತಿರುಗೂ ಭೂಮಿ, ಅಪ್ಪ. ನಮ್ಮ ಭೂಮಿಯ ಎರಡು ಪಟ್ಟು ಅಗಲ, ಎಂಟು ಪಟ್ಟು ಭಾರ.”

“ಅಷ್ಟು ದಪ್ಪ ಎಂತಕ್ಕೆ?” ಅಂದ ನನ್ನ ಮಗ.

“ಅಜ್ಜಿ ದಪ್ಪ ಎಂತಕ್ಕೆ? ಹಾಂಗೇ. ಅಜ್ಜಿಯನ್ನ ಅಲ್ಲಿ ಕೂರಿಸಿದ್ರೆ ಎರಡು ಅಜ್ಜಿ ತೂಕ ಆಗ್ತದೆ. ಎಬ್ಬಿಸೂಕೆ ದೋಣಿ ಎಳೆಯೂ ಜನ ಬೇಕು.”

“ನಿನ್ನನ್ನ ಅಲ್ಲಿ ಬಿಟ್ರೆ ಎಂತ ಆಗ್ತದೆ? ಇಲ್ಲಿಯೇ ಗಾಳಿಗೆ ಹಾರ್ತೆ ನೀನು,” ಅಂದೆ.

“ಸೂರ್ಯನಿಗೆ ತಾಗ್ಕಂಡೇ ತಿರುಗ್ತದೆ ಅದು. ನಮ್ಮ ಒಂದು ದಿನ ಮುಗಿಯೂದ್ರೊಳಗೆ ಅಲ್ಲಿ ಒಂದು ವರ್ಷ ಆತು.” ಅನ್ನದ ಕೈ ಹಾಂಗೇ ಇಟ್ಕಂಡು ಎಡಗೈಯಲ್ಲಿ ಫೋನು ಒತ್ತಿದ್ಲು. “ಅಲ್ಲಿ ಅಜ್ಜಿಗೆ ಮೂವತ್ತು ಸಾವಿರ ವರ್ಷ ದಾಟಿತು. ಇನ್ನೂ ಸಾಯ್ಲಿಲ್ಲ.”

ಮಗನಿಗೆ ನೆತ್ತಿಗೆ ಹತ್ತಿತು. ಅವ್ಳು ನಿಲ್ಲಿಸ್ಲಿಲ್ಲ. “ಒಂದೇ ಬದಿ ಯಾವಾಗ್ಲೂ ಸೂರ್ಯನ ಕಡೆಗೆ. ಆ ಬದಿಯ ಸೆಕೆಗೆ ಕಬ್ಬಿಣವೂ ನೀರಾಗ್ತದೆ. ಕಲ್ಲೆಲ್ಲ ಬೆಲ್ಲದ ಪಾಕದ ಹಾಂಗೆ. ಇನ್ನೊಂದು ಬದಿಗೆ ಯಾವತ್ತೂ ಕತ್ತಲು.”

“ಮಗುಚೂಕೆ ಜನ ಇಲ್ಲ ಅಂತಾತು,” ಅಂದೆ.

“ಇದ್ದ ಗಾಳಿ ಎಲ್ಲ ಆ ಸೆಕೆಗೆ ಓಡಿ ಹೋಗಿರ್ಲೂಬಹುದಂತೆ. ದೊಡ್ಡಮ್ಮ ಅಜ್ಜಿ ಬಾಯಿಗೆ ಹೆದ್ರಿ ಭಟ್ಕಳಕ್ಕೆ ಓಡಿದ ಹಾಂಗೆ.”

ದೊಡ್ಡಮ್ಮ ಅಂದ್ರೆ ನನ್ನ ಹಿರೇ ಸೊಸೆ. ಬೇರೆ ಮನೆ ಮಾಡಿ ಆರು ವರ್ಷ ಆತು. ನಮ್ಮಲ್ಲಿ ಅವ್ಳ ಸುದ್ದಿ ಎತ್ತೂದಿಲ್ಲ. ಮಗ ನಕ್ಕ, ಅದು ಅಡ್ಡಿಲ್ಲ. ಅಲ್ಲಿ ಬಡಿಸ್ತಾ ಇದ್ದ ಕಿರೇ ಸೊಸೆ, ಈ ಹುಡ್ಗಿಯ ಅಮ್ಮ, ಹದಿನಾರು ವರ್ಷ ನನ್ನ ಎದುರು ಹಲ್ಲು ತೋರಿಸದವ್ಳು, ಸೌಟು ಹಿಡ್ಕಂಡು ನಕ್ಕಿದ್ಲು. ನಿಲ್ಲಿಸೂಕಾಗದೆ ಒಳಗೆ ಓಡಿದ್ಲು. ಒಳಗಿಂದ್ಲೂ ಕೇಳ್ತಿತ್ತು. ನಾನೂ ನಕ್ಕೆ. ನಗದಿದ್ರೆ ಹುಡ್ಗಿ ಹೇಳಿದ್ದೆಲ್ಲ ಖರೆ ಅಂತಾಗ್ತಿತ್ತು.

ಹುಡ್ಗಿ ಎರಡು ವಾರ ಕೂತು ಗ್ರಹ ಮಾಡಿದ್ಲು. ಬಲೆ ತೇಲೂಕೆ ಕಟ್ಟೂ ದೊಡ್ಡ ಪ್ಲಾಸ್ಟಿಕ್ ಚೆಂಡಿಗೆ ನೆನೆಸಿದ ಪೇಪರು, ಮೈದಾ ಅಂಟು ಮೆತ್ತಿ, ಅರ್ಧಕ್ಕೆ ಮೇಣದಬತ್ತಿ ಕರಗಿಸಿ ಕೆಂಪು ಬಣ್ಣ ಕಲ್ಸಿ ಹೊಯ್ದಿದ್ಲು. ಥೇಟ್ ಕುದಿಯೂ ಕಲ್ಲೇ. ಪ್ರದರ್ಶನದ ಮುಂಚಿನ ದಿನ ಇನ್ನರ್ಧಕ್ಕೆ ಕಪ್ಪು ಬಣ್ಣ ಹೊಡ್ದು, ಕೊಡಪಾನದ ಬಾಯಿ ಮೇಲೆ ಇಟ್ಲು. ಕಪ್ಪು ಬದಿ ಬಿಸಿಲಿಗೆ, ಮೇಣದ ಬದಿ ಕೆಳಗೆ ನೆರಳಿಗೆ.

“ಅಜ್ಜಿ, ಇದು ಬಂಗಡೆ ಅಲ್ಲ. ಮುಟ್ಬೇಡ,” ಅಂದು ಸ್ನಾನಕ್ಕೆ ಹೋದ್ಲು.

ನಾನು ಬಂಗಡೆ ಸಾಲು ಮಗುಚ್ತಾ ಬಂದೆ. ಕೊಡಪಾನದ ಹತ್ರ ಬರೂದ್ರೊಳಗೆ ಕೈ ಅದನ್ನೂ ಮಗುಚಿತು. ದೇವರಾಣೆ, ಅಲ್ಲಿಯವರೆಗೆ ರೂಢಿಯೇ. ನಾಲ್ಕು ಹೆಜ್ಜೆ ಹೋಗಿ ನೆನಪಾತು. ತಿರುಗಿ ನೋಡ್ದೆ. ಕೆಂಪು ಬದಿ ಮೇಲೆ ಬಂದಿತ್ತು. ಹನ್ನೊಂದು ಗಂಟೆ ಬಿಸಿಲು. ಮೇಣ ಹೊಳೆಯೂಕೆ ಶುರು ಆಗಿತ್ತು, ಹರಿದಿರ್ಲಿಲ್ಲ. ತಿರುಗಿ ಮಗುಚೂಕೆ ಒಂದು ಕೈ ಸಾಕಿತ್ತು.

ನಾನು ಸೊಂಟಕ್ಕೆ ಕೈ ಇಟ್ಕಂಡು ನಿಂತೆ. ಮೊದ್ಲು ಒಂದು ಹನಿ ಇಳೀತು. ಆಮೇಲೆ ಸಾಲಾಗಿ ಇಳೀತು, ಹಸಿ ಕಪ್ಪು ಬಣ್ಣದ ಮೇಲೆ, ಕೊಡಪಾನದ ಕುತ್ತಿಗೆಯವರೆಗೆ. ಮೂವತ್ತು ಸಾವಿರ ವರ್ಷ ಅಂದ್ಯಲ್ಲೇ, ನೋಡು ಈಗ, ಅಂತ ಮನಸ್ಸಿನಲ್ಲೇ ಹೇಳ್ದೆ.

ಹುಡ್ಗಿ ಬಂದು ನೋಡಿ ಕೂಗ್ಲಿಲ್ಲ. “ಎಂತ ಮಾಡ್ದೆ ಅಜ್ಜಿ?” ಅಂದ್ಲು.

“ಅಯ್ಯೋ ಮಾರಾಯ್ತಿ, ಕೈ ರೂಢಿ. ನಂಗೆ ಕಂಡೇ ಇಲ್ಲ.”

“ಕಣ್ಣು ಕಾಣೂದಿಲ್ಲ ನಿಂಗೆ?”

“ಮಂಜು ಮಂಜು.”

ಸಂಜೆವರೆಗೂ ಬ್ಲೇಡಿನಲ್ಲಿ ಕೆರೆದ್ಲು. ಕೆಂಪು ಹೋದಲ್ಲಿ ಕಪ್ಪೂ ಹೋತು, ಪೇಪರು ಕಾಣ್ತು. ಹೊಸತು ಮಾಡೂಕೆ ದಿನ ಇರ್ಲಿಲ್ಲ. ಮರುದಿನ ಅದನ್ನೇ ತೊಡೆ ಮೇಲೆ ಇಟ್ಕಂಡು ಕುಮಟೆ ಬಸ್ಸಿಗೆ ಕೂತ್ಲು. ನಾನೂ ಹೋದೆ. ಹೋಗದೇ ಇದ್ರೆ ಸಂಶಯ ಬರ್ತಿತ್ತು.

ಪರೀಕ್ಷೆ ಮಾಡೂಕೆ ಬಂದ ಮಾಸ್ತರು ಅವ್ಳು ಹೇಳಿದ್ದೆಲ್ಲ ತಲೆದೂಗ್ತಾ ಕೇಳಿದ್ರು. ಅಗಲ, ಭಾರ, ಸೆಕೆ, ಒಂದಕ್ಕೂ ತಡವರಿಸ್ಲಿಲ್ಲ ಹುಡ್ಗಿ. ಆಮೇಲೆ ಮಾಸ್ತರು ಗ್ರಹವನ್ನ ಬೆರಳಲ್ಲಿ ತಿರುಗಿಸಿ, “ಕತ್ತಲ ಬದಿ ಎಂತಕ್ಕಮ್ಮ ಹೀಂಗೆ? ಇಷ್ಟೆಲ್ಲ ಗೊತ್ತಿದ್ದೂ ಮಾದರಿ ಗಲೀಜು ಮಾಡಿದ್ಯಲ್ಲ,” ಅಂದ್ರು.

ಅವ್ಳು ನನ್ನ ಕಡೆ ನೋಡಿದ್ಲು. ಸುಮಾರು ಹೊತ್ತು ನೋಡಿದ್ಲು. ನಾನು ಪಕ್ಕದ ಮೇಜಿನ ಮೇಲೆ ಇಟ್ಟಿದ್ದ ಗಾಳಿಯಂತ್ರ ನೋಡ್ದೆ.

“ನಂದೇ ತಪ್ಪು ಸರ್,” ಅಂದ್ಲು.

ಭಟ್ಕಳದ ಒಂದು ಹುಡ್ಗಿ ದುರ್ಬೀನಿಗೆ ಹೋತು. ಫಲಿತಾಂಶ ಓದುವಾಗ ನಮ್ಮವ್ಳು ಚಪ್ಪಾಳೆಯನ್ನೂ ಹೊಡೆದ್ಲು. ಬಸ್ಸಿನಲ್ಲಿ ನಂಗೆ ಕಿಟಕಿ ಬದಿ ಕೊಟ್ಲು. ಅವತ್ತಿಂದ ನನ್ನನ್ನ ಒಂದ್ಸಲವೂ ತಮಾಷೆ ಮಾಡ್ಲಿಲ್ಲ. “ಅಜ್ಜಿ, ಊಟ ಆತಾ? ಅಜ್ಜಿ, ಮಾತ್ರೆ ತಕಂಡ್ಯಾ?” ಅಷ್ಟೇ. ನಾನು ಶೆಟ್ಲಿ ಅಂದ್ರೂ ಉತ್ರ ಇಲ್ಲ. ಹಾಂಗೆ ಮರ್ಯಾದೆ ಕೊಟ್ಟು ಕೊಟ್ಟು ಅವ್ಳು ನನ್ನನ್ನ ಅರ್ಧ ಕೊಂದಿದ್ದಾಳೆ.

ಈ ಮಳೆಗಾಲದಲ್ಲಿ ಫೋನಿನಲ್ಲಿ ಕನ್ನಡ ಒತ್ತೂದು ಕಲಿಸು ಅಂದೆ. ಕಲಿಸಿದ್ಲು. ಬಾಯಲ್ಲಿ ಹೇಳೂಕಾಗದ್ದನ್ನ ದಿನಕ್ಕೆ ನಾಲ್ಕು ಸಾಲು ಒತ್ತಿ, ನಿನ್ನೆ ಇಲ್ಲಿಯವರೆಗೆ ಮುಗಿಸಿ, ತಪ್ಪು ತಿದ್ದಿ ಕೊಡು ಅಂತ ಅವ್ಳ ಕೈಗೆ ಕೊಟ್ಟೆ. ನಿಂತ್ಕಂಡೇ ಓದಿದ್ಲು.

“ಅಕ್ಷರ ಎಲ್ಲ ಸರಿ ಇದೆ,” ಅಂದ್ಲು. “ಒಂದು ಬಿಟ್ಟಿದ್ದೆ ನೀನು.”

“ಎಂತದು?”

“ಆವಾಗ ನಾನು ಸ್ನಾನ ಮುಗಿಸಿ ಬಾಗ್ಲಲ್ಲೇ ನಿಂತಿದ್ದೆ. ಮೇಣ ಆಗ್ಲೇ ಹರಿದಾಗಿತ್ತು. ನಿನ್ನ ಮುಖ ಕಾಣ್ತಿತ್ತು ನಂಗೆ. ನಗ್ತಾ ಇದ್ದೆ ನೀನು. ಅದನ್ನೂ ಬರಿ.”

ಫೋನು ನನ್ನ ತೊಡೆ ಮೇಲೆ ಇಟ್ಟು ಹೋದ್ಲು.

ನಗ್ತಾ ಇದ್ದೆ. ಹೌದು.