ಗಿಟಾರಿನ ಜಾಗದಲ್ಲಿ ಖವ್ವಾಲಿ

ಟಕ್. ಅದರ ಹಿಂದೆಯೇ ಐದಾರು ಜನರ ಚಪ್ಪಾಳೆ. ನನ್ನ ಪಾಲಿಗೆ ಇಂಗ್ಲಿಷ್ ರಾಕ್ ಮ್ಯೂಸಿಕ್ ಅಂದರೆ ಇಂದಿಗೂ ಈ ಎರಡು ಸದ್ದು.

ಬಳ್ಳಾರಿಯ ಕಾನ್ವೆಂಟಿನಲ್ಲಿ ಜೊತೆಗೆ ಓದಿದ ಗೆಳತಿಯೊಬ್ಬಳು ತನ್ನಣ್ಣನ ಎಲ್‌ಪಿ ರೆಕಾರ್ಡನ್ನು ಒಂದು ವಾರದ ಮಟ್ಟಿಗೆ ಕೊಟ್ಟಿದ್ದಳು. ಕುಷ್ಟಗಿಯ ನಮ್ಮ ಮನೆಯಲ್ಲಿ ಅದನ್ನು ಹಾಕುವ ಯಂತ್ರವಿರಲಿಲ್ಲ, ಟೇಪ್ ರೆಕಾರ್ಡರ್ ಮಾತ್ರ ಇತ್ತು. ರೆಕಾರ್ಡನ್ನು ಸೀರೆಯ ಮಡಿಕೆಯಲ್ಲಿ ಸುತ್ತಿಕೊಂಡು ಗಂಗಾವತಿ ಬಸ್ ಹತ್ತಿದೆ. ಅಲ್ಲಿ ಬಸ್‌ಸ್ಟ್ಯಾಂಡಿನ ಎದುರು ಕ್ಯಾಸೆಟ್ ತುಂಬಿಕೊಡುವ ಉಸ್ತಾದರಿದ್ದರು. ಬಯಲಾಟ, ಭಜನೆ, ಖವ್ವಾಲಿ, ಎಲ್ಲಕ್ಕೂ ಅವರದು ಒಂದೇ ಕಾನೂನು: ಮಾತು ನಿಂತರೆ ಹಾಡು ಮುಗಿಯಿತು. ಇನ್ನು ಟೇಪಿನ ತುದಿ ಖಾಲಿ ಬಿಟ್ಟು ಕೊಡುವುದೆಂದರೆ ಗಿರಾಕಿಗೆ ಮಾಡುವ ಅವಮಾನ.

ಆ ಕ್ಯಾಸೆಟ್ಟನ್ನು ನಲವತ್ತು ವರ್ಷ ಕೇಳಿದೆ. ಕೊನೆಯ ಹಾಡಿನಲ್ಲಿ ಗಾಯಕ ಉದ್ದಕ್ಕೆ ಕಿರುಚಿ ಸುಮ್ಮನಾದೊಡನೆ ರೆಕಾರ್ಡರಿನ ಗುಂಡಿ ಒತ್ತಿದ ಟಕ್, ಆಮೇಲೆ ಚಪ್ಪಾಳೆಯೊಂದಿಗೆ ಶುರುವಾಗುವ ಖವ್ವಾಲಿ. ಖವ್ವಾಲಿ ಉಸ್ತಾದರ ಉಡುಗೊರೆ ಎಂದು ಗೊತ್ತಿತ್ತು. ಹಾಡು ಮಾತ್ರ ಅಲ್ಲಿಗೇ ಮುಗಿಯುತ್ತದೆಂದು ನಂಬಿದ್ದೆ. ಇನ್‌ಫ್ಲುಯೆನ್ಸ್ ಅಂತಾರಲ್ಲ, ಅದು ನನ್ನ ಮೇಲಾದದ್ದು ಹೀಗೆ: ಹನುಮಸಾಗರದ ಶಾಲೆಯಲ್ಲಿ ಪೊಯಮ್ ಓದಿಸುವಾಗ ಕೊನೆಯ ಸಾಲನ್ನು ಎಳೆದು, ಗಕ್ಕನೆ ನಿಲ್ಲಿಸಿ, ಮಕ್ಕಳಿಂದ ಚಪ್ಪಾಳೆ ಹೊಡೆಸುತ್ತಿದ್ದೆ. ಇದು ಯಾವ ಮೆಥಡ್ ಎಂದು ಇನ್‌ಸ್ಪೆಕ್ಟರ್ ಕೇಳಿದರು. "ಕಾನ್ವೆಂಟ್ ಮೆಥಡ್, ಸರ್" ಎಂದೆ. ನಮ್ಮ ಸಿಸ್ಟರ್‌ಗಳು ಕ್ಷಮಿಸಲಿ.

ಕೆಲವು ವರ್ಷಗಳ ಹಿಂದೆ ಟೇಪ್ ಸುಕ್ಕುಗಟ್ಟಿ ಹರಿಯಿತು. ತಂಗಿಯ ಮೊಮ್ಮಗಳು ಫೋನಿನಲ್ಲಿ ಅದೇ ಆಲ್ಬಮ್ ಹುಡುಕಿ ಹಾಕಿದಳು. ಗಾಯಕ ಕಿರುಚಿದ, ಸುಮ್ಮನಾದ. ನಾನು ಚಪ್ಪಾಳೆಗೆ ಕೈ ಎತ್ತಿದೆ. ಗಿಟಾರ್ ಶುರುವಾಯಿತು. ನಾಲ್ಕು ನಿಮಿಷವಾದರೂ ನಿಲ್ಲಲಿಲ್ಲ.

"ಯಾರವ್ವಾ ಇಂವ, ನನ್ನ ಹಾಡಿನ್ಯಾಗ ಬಂದು ಹೊಕ್ಕಾನ?"

"ಅಜ್ಜಿ, ಮೇನ್ ಪಾರ್ಟ್ ಇದ ಐತಿ. ಜಗತ್ತೆಲ್ಲ ಇದಕ್ಕ ಹುಚ್ಚಾಗೇತಿ," ಎಂದು ನಕ್ಕಳು.

ಫ್ರ್ಯಾಂಕ್ಲಿ, ನನಗೆ ಹುಚ್ಚಾಗಲಿಲ್ಲ. ನನಗೆ ನನ್ನ ಟಕ್ ಬೇಕಿತ್ತು. ಅಂಥ ಹಾಡು ಪ್ರಪಂಚದಲ್ಲಿ ಒಂದೇ ಇತ್ತು, ಹರಿದುಹೋಯಿತು. ಅದನ್ನು ಮತ್ತೆ ಮಾಡಬಲ್ಲವರೂ ಒಬ್ಬರೇ.

ಗಂಗಾವತಿಗೆ ಹೋದೆ. ಉಸ್ತಾದರು ಅದೇ ಅಂಗಡಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮೆಮೊರಿ ಕಾರ್ಡಿಗೆ ಹಾಡು ತುಂಬುತ್ತಿದ್ದರು.

"ಬರ್ರಿ ಅಕ್ಕೋರ, ಇನ್ನೂ ಅದೀರಿ?"

"ನಿಮ್ಮ ತಪ್ಪು ಹಿಡ್ಯಾಕ ಉಳದೀನಿ. ನನ್ನ ಹಾಡಿನ ಗಿಟಾರ್ ಕತ್ತರಿಸಿದ್ರಿ, ಹೌದಲ್ಲ?"

"ಬರೇ ತಂತಿ ಸಪ್ಪಳ ಇತ್ತ್ರಿ. ಹಾಡಾಂವ ಚಾ ಕುಡ್ಯಾಕ ಹೋಗ್ಯಾನ ಅನ್ಕೊಂಡ್ನಿ. ಖವ್ವಾಲಿ ಛಲೋ ಇತ್ತಿಲ್ಲ?"

"ಭಾಳ ಛಲೋ ಇತ್ತು. ಅದಕ್ಕ ಬಂದೀನಿ. ಮತ್ತ ಹಂಗ ಕತ್ತರಿಸಿ ಕೊಡ್ರಿ."

ಆ ಹಾಡನ್ನು ಕಂಪ್ಯೂಟರಿನಲ್ಲಿ ಹಚ್ಚಿ, ಕತ್ತರಿಸುವ ಜಾಗ ಗುರುತಿಸಲು ಅವರು ಹೆಡ್‌ಫೋನ್ ಹಾಕಿಕೊಂಡರು. ಬೆರಳು ಮೌಸಿನ ಮೇಲಿತ್ತು. ಆ ಜಾಗ ಬಂತೆಂದು ಅವರ ಹುಬ್ಬು ನೋಡಿಯೇ ತಿಳಿಯಿತು. ಬೆರಳು ಒತ್ತಲಿಲ್ಲ. ನಾನು ಸ್ಟೂಲಿನ ಮೇಲೆ ಕುಳಿತು ಕಾದೆ. ಕೊನೆಗೆ ಹೆಡ್‌ಫೋನ್ ಕುತ್ತಿಗೆಗಿಳಿಸಿ, "ಕತ್ತರಿಸಂಗಿಲ್ಲ್ರಿ," ಎಂದರು.

"ಒಮ್ಮೆ ಕತ್ತರಿಸಿದವ್ರು ನೀವ ಅಲ್ಲೇನ್ರಿ?"

"ಅವತ್ತ ಕೇಳಿದ್ದಿಲ್ಲ್ರಿ. ಟೇಪ್ ಎಷ್ಟ ಉಳೀತು ಅಂತ ಬರೇ ನೋಡ್ತಿದ್ನಿ."

ಗದರಿದೆ. ಬೇಡಿದೆ. ಕಾನ್ವೆಂಟಿನಲ್ಲಿ ಕಲಿತ, ತಲೆ ಬಾಗಿಸಿ ಹೇಳುವ ಪ್ಲೀಸ್ ಕೂಡ ಹೇಳಿದೆ. ಬೇಕಾದರೆ ಪೂರಾ ಹಾಡಿನ ಹಿಂದೆ ಖವ್ವಾಲಿ ಹಚ್ಚಿ ಕೊಡುತ್ತೇನೆ ಎಂದರು. ಅದು ಬೇರೆಯೇ ವಸ್ತು. ಬೇಡವೆಂದು ಎದ್ದೆ.

ಕುಷ್ಟಗಿ ಬಸ್ಸಿನ ಕಿಟಕಿಯಿಂದ ಅಂಗಡಿ ಕಾಣುತ್ತಿತ್ತು. ಗಿರಾಕಿಯೊಬ್ಬ ಕೌಂಟರಿನ ಮೇಲೆ ಮೆಮೊರಿ ಕಾರ್ಡಿಟ್ಟು ಏನೋ ಕೇಳುತ್ತಿದ್ದ. ಉಸ್ತಾದರು ಮತ್ತೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಒಂದು ಅಂಗೈ ಎತ್ತಿ ಅವನಿಗೆ ತಡಿ ಎನ್ನುತ್ತಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.