ಕಾಕಾ ಯಾಕೆ ಫೋಟೋದಲ್ಲಿಲ್ಲ?

ಗ್ರೂಪ್ ಫೋಟೋ ತೆಗೆಯುವವನ ಬೆನ್ನ ಹಿಂದೆ ಯಾರಿರುತ್ತಾರೆ? ಒಂದು ನಾಯಿ, ಎರಡು ಕೋಳಿ, ಹಾದಿಯಲ್ಲಿ ಹೋಗುತ್ತ ನಿಂತ ನಾಲ್ಕು ಜನ. ಕಳೆದ ಭಾನುವಾರ ನನ್ನ ಬೆನ್ನ ಹಿಂದೆ ನಿಂತಿದ್ದವರು ಆ ಮನೆಯ ಹಿರಿಯರೇ!

ತಿಕೋಟಾ ದಾಟಿ ಸ್ವಲ್ಪ ಒಳಗೆ ಹೋದರೆ ಸಿಗುವ ತೋಟದ ಮನೆ. ಎದುರಿಗೆ ದ್ರಾಕ್ಷಿ ಬಳ್ಳಿಗಳ ಪಡ. ಅಂಗಳದಲ್ಲಿ ಇಪ್ಪತ್ತಮೂರು ಜನ ಸಾಲಾಗಿ ನಿಂತು ಹೊಟ್ಟೆ ಒಳಗೆಳೆದುಕೊಂಡಿದ್ದಾರೆ. ನಟ್ಟನಡುವೆ ಒಂದು ಕುರ್ಚಿ ಖಾಲಿ. ಅದರಲ್ಲಿ ಕೂರಬೇಕಾದ ಗುರಪ್ಪ ಕಾಕಾ, ವಯಸ್ಸು ಎಪ್ಪತ್ತು, ನನ್ನ ಟ್ರೈಪಾಡ್ ಹಿಂದೆ ಕೈಕಟ್ಟಿ ನಿಂತಿದ್ದಾರೆ.

“ಕಾಕಾ, ಬರ್ರಿ. ನಿಮ್ಮ ಕುರ್ಚಿ ಖಾಲಿ ಐತಿ” ಅಂದೆ.

“ನಾ ಬ್ಯಾಡಪಾ. ನೀ ಹೊಡಿ.”

ನನ್ನ ದಂಧೆ ಏನೆಂದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ವಿಜಯಪುರದಲ್ಲೊಂದು ಸ್ಟುಡಿಯೋ. ವಾರಕ್ಕೊಂದು ದಿನ ಬರೆಯುತ್ತೇನೆ, ಉಳಿದ ಆರು ದಿನ ಜನರಿಗೆ “ಸ್ವಲ್ಪ ನಗ್ರಿ” ಅನ್ನುತ್ತೇನೆ. (ಎರಡರಲ್ಲೂ ನಗುವವರು ಕಡಿಮೆ.)

ಸಿಟಿಯಲ್ಲಿ ಫ್ಯಾಮಿಲಿ ಅಂದರೆ ನಾಲ್ಕು ಜನ. ತಿಕೋಟಾ, ಬಬಲೇಶ್ವರದ ಕಡೆ ಫ್ಯಾಮಿಲಿ ಅಂದರೆ ನಾಲ್ಕು ಸಾಲು. ಹಿರಿಯರಿಗೆ ಕುರ್ಚಿ, ಮಕ್ಕಳಿಗೆ ಜಮಖಾನೆ, ಎತ್ತರದವರು ಹಿಂದೆ. ಲೆನ್ಸಿನ ಕಿಂಡಿಯ ಅಳತೆ, ಅಂದರೆ ಅಪರ್ಚರ್, ಎಂಟಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಇಳಿಸಿದರೆ ಮುಂದಿನ ಸಾಲಿನ ಮಾವ ಸ್ಪಷ್ಟ, ಹಿಂದಿನ ಸಾಲಿನ ಅಳಿಯ ಮಬ್ಬು. (ಅಳಿಯಂದಿರು ಇಂಥದ್ದನ್ನು ಮರೆಯುವುದಿಲ್ಲ.) ಮಧ್ಯಾಹ್ನ ಅಂತೂ ಬೇಡವೇ ಬೇಡ. ನಮ್ಮ ಕಡೆಯ ಬಿಸಿಲು ನೆತ್ತಿಯ ಮೇಲಿದ್ದರೆ ಎಂಥ ಚೆಲುವೆಯ ಕಣ್ಣ ಕೆಳಗೂ ಎರಡು ಕಪ್ಪು ಗುಂಡಿ ಬೀಳುತ್ತವೆ. ಸಂಜೆ ಐದರ ಮೇಲೆ ಸುಮಾರು ಮುಕ್ಕಾಲು ಗಂಟೆ ಒಳ್ಳೆಯ ಬೆಳಕು. ಅಷ್ಟರೊಳಗೆ ಕೆಲಸ ಮುಗಿಸಬೇಕು.

ಹಾಗಿರುವಾಗ ಈ ಕಾಕಾ ಹಿಂದೆ ನಿಂತು ಟೈಮ್ ತಿನ್ನುತ್ತಿದ್ದರು.

ಫೋಟೋಕ್ಕೆ ನನ್ನನ್ನು ಕರೆಸಿದ್ದು ಪಲ್ಲವಿ ಎಂಬ ಹುಡುಗಿ. ವಿಜಯಪುರದ ಒಂದು ಬ್ಯಾಂಕಿನಲ್ಲಿ ಕೆಲಸ. ಅವಳ ಮದುವೆ ಗೊತ್ತಾಗಿತ್ತು. ಗಂಡನ ಮನೆಗೆ ಹೋಗುವ ಮುಂಚೆ ಮನೆಮಂದಿಯೆಲ್ಲ ಇರುವ ಒಂದು ದೊಡ್ಡ ಫೋಟೋ ಬೇಕು ಅಂದಿದ್ದಳು. ಅವಳ ಅಪ್ಪ ಶಿವಾನಂದ, ಅಮ್ಮ ಮಹಾದೇವಿ. ಶಿವಾನಂದರ ತಂದೆ ಈಗಿಲ್ಲ. ಅವರ ತಮ್ಮನೇ ಈ ಗುರಪ್ಪ ಕಾಕಾ.

“ಅವರನ್ನ ಬಿಡ್ರಿ ಸರ” ಎಂದು ಮಹಾದೇವಿ ಸಾಲಿನಿಂದಲೇ ಕೂಗಿದರು. “ನಮ್ಮ ಲಗ್ನದ ಫೋಟೋ ಎಲ್ಲಾ ಬಸ್ಸಿನ್ಯಾಗ ಕುಂತು ನುಂಗಿ ಬಿಟ್ಟಾರ. ಇದನ್ನೂ ನುಂಗಬಾರ್ದಂತ ದೂರ ನಿಂತಾರ!”

ಇಪ್ಪತ್ತಮೂರು ಜನ ಘೊಳ್ಳೆಂದು ನಕ್ಕರು. ಕಾಕಾನೂ ನಕ್ಕರು. ಎಲ್ಲರಿಗಿಂತ ಒಂದು ಕ್ಷಣ ಮೊದಲೇ ನಕ್ಕರು. ಜೋಕ್ ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಗೊತ್ತಿದ್ದವರು ನಗುತ್ತಾರಲ್ಲ, ಹಾಗೆ.

ಪ್ರತಿ ಮನೆಯಲ್ಲೂ ಇಂಥದೊಂದು ಜೋಕ್ ಇರುತ್ತದೆ ಅಲ್ಲವೇ? ಯಾರೋ ಒಬ್ಬರು ಒಮ್ಮೆ ಹಾಲು ಉಕ್ಕಿಸಿರುತ್ತಾರೆ, ಬೇರೆ ಊರಿನ ಬಸ್ಸು ಹತ್ತಿರುತ್ತಾರೆ, ಬೀಗರ ಹೆಸರು ತಪ್ಪಿ ಕರೆದಿರುತ್ತಾರೆ. ಆಮೇಲೆ ಜೀವನವಿಡೀ ಹಬ್ಬಕ್ಕೊಮ್ಮೆ, ಸೀಮಂತಕ್ಕೊಮ್ಮೆ ಅದೇ ಮಾತು. ಹೇಳುವವರಿಗೆ ಬೇಜಾರಾಗುವುದಿಲ್ಲ. ಕೇಳಿಸಿಕೊಳ್ಳುವವರಿಗೆ ಆಗುತ್ತದೋ ಇಲ್ಲವೋ, ಯಾರು ಕೇಳಿದ್ದಾರೆ?

“ಏನದು ಬಸ್ಸಿನ ಕತಿ?” ಎಂದು ನಾನೂ ನಗುತ್ತಲೇ ಕೇಳಿದೆ. ಕೇಳಬಾರದಿತ್ತು.

ಕಾಕಾನನ್ನು ಮುತ್ಯಾ, ಅಂದರೆ ಅಜ್ಜ, ಎಂದು ಕರೆಯುವ ಪಲ್ಲವಿ ಹೇಳಿದಳು. “ಅವ್ವನ ತವರಮನಿ ಬಬಲೇಶ್ವರ್ರಿ. ಲಗ್ನ ಅಲ್ಲೇ ಆತು. ಫೋಟೋದಂವ ರೋಲಿನ ಡಬ್ಬಿ ಮುತ್ಯಾನ ಕೈಯಾಗ ಕೊಟ್ಟು ವಿಜಯಪುರಕ್ಕ ಕಳಿಸ್ಯಾನ. ಮುತ್ಯಾ ಬಸ್ಸಿನ್ಯಾಗ ಡಬ್ಬಿ ಮುಚ್ಚಳ ತೆಗದು ನೋಡ್ಯಾರ. ಬೆಳಕು ಬಿದ್ದು ಎಲ್ಲಾ ಫೋಟೋ ಹಾಳಾಗ್ಯಾವ. ಅವ್ವ-ಅಪ್ಪಂದು ಲಗ್ನದ್ದು ಒಂದೂ ಫೋಟೋ ಇಲ್ರಿ.”

ನಾನು ಕ್ಯಾಮೆರಾದಿಂದ ಕಣ್ಣು ತೆಗೆದೆ.

ಆ ಫೋಟೋದವನು ನಾನೇ.

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಆಗ ನನಗೆ ಇಪ್ಪತ್ತೆರಡು. ವಿಜಯಪುರದಲ್ಲಿ ಇನ್ನೊಬ್ಬರ ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದೆ. ಒಬ್ಬನೇ ಹೋಗಿ ತೆಗೆದ ಮೊದಲ ಮದುವೆ ಅದು. ಫಿಲ್ಮ್ ರೋಲಿನ ಕಾಲ. ರೋಲಿನ ತುದಿಯನ್ನು ಕ್ಯಾಮೆರಾದೊಳಗಿನ ಚಕ್ರದ ಸೀಳಿಗೆ ಸಿಕ್ಕಿಸಬೇಕು. ಸಿಕ್ಕಿಸಿ, ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆದಾಗ ಎಡಗಡೆಯ ಗುಬುಟು ತಿರುಗುತ್ತದೋ ಇಲ್ಲವೋ ನೋಡಬೇಕು. ತಿರುಗಿದರೆ ಫಿಲ್ಮ್ ಓಡುತ್ತಿದೆ ಎಂದರ್ಥ. ಎರಡೇ ಸೆಕೆಂಡಿನ ಕೆಲಸ.

ನಾನು ನೋಡಲಿಲ್ಲ. ಅಕ್ಷತೆ ಬೀಳುವ ಗಡಿಬಿಡಿ. ಹೊಸ ಶರ್ಟು ಬೇರೆ ಹಾಕಿದ್ದೆ.

ರೋಲಿನಲ್ಲಿ ಮೂವತ್ತಾರು ಫೋಟೋ. ಅದೃಷ್ಟವಿದ್ದರೆ ಇನ್ನೊಂದೆರಡು ಬರುತ್ತವೆ, ಆಮೇಲೆ ಲಿವರ್ ಬಿಗಿಯಾಗಿ ನಿಲ್ಲುತ್ತದೆ. ನನ್ನದು ಮೂವತ್ತೆಂಟಾದರೂ ನಿಲ್ಲಲಿಲ್ಲ. ನಲವತ್ತಾದರೂ ನಿಲ್ಲಲಿಲ್ಲ. ಬೆಣ್ಣೆಯ ಹಾಗೆ ಸರಿಯುತ್ತಿತ್ತು. ಹಿಂದಕ್ಕೆ ಸುತ್ತಿದರೆ ಎರಡೇ ಸುತ್ತಿಗೆ ರೋಲ್ ಮುಗಿಯಿತು. ಫಿಲ್ಮ್ ಚಕ್ರಕ್ಕೆ ಸಿಕ್ಕೇ ಇರಲಿಲ್ಲ. ಇಡೀ ಮದುವೆ ಅದು ತನ್ನ ಗೂಡಿನಲ್ಲಿ ಮಲಗಿತ್ತು, ನಾನು ಹೊರಗೆ ಫ್ಲ್ಯಾಶ್ ಹಾರಿಸುತ್ತಿದ್ದೆ.

ಆದರೂ ಏನೋ ಆಸೆ. ನನಗೆ ಮರುದಿನ ಮಮದಾಪುರದಲ್ಲಿ ಇನ್ನೊಂದು ಮದುವೆ. ಅದಕ್ಕೇ ರೋಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ವಿಜಯಪುರಕ್ಕೆ ಹೊರಟಿದ್ದ ವರನ ಕಾಕಾನ ಕೈಗೆ ಕೊಟ್ಟು ಕಳಿಸಿದೆ.

ಲ್ಯಾಬಿನಿಂದ ಬಂದ ನೆಗೆಟಿವ್ ಗಾಜಿನ ಹಾಗೆ ಸ್ವಚ್ಛವಾಗಿತ್ತು. ಬೆಳಕು ಬಿದ್ದ ಫಿಲ್ಮ್ ಕಪ್ಪಾಗುತ್ತದೆ, ಬೆಳಕೇ ಕಾಣದ ಫಿಲ್ಮ್ ಹೀಗೆ ಬರುತ್ತದೆ. ಅಷ್ಟು ಗೊತ್ತಿದ್ದ ನಾನು, ಮದುವೆಯವರು ಫೋಟೋ ಕೇಳಲು ಬಂದಾಗ ಏನು ಹೇಳಿದೆ?

“ಡಬ್ಬಿ ಯಾರರೆ ತೆಗದಿದ್ರೇನ್ರಿ?”

ಸುಮ್ಮನೆ ಕೇಳಿದ್ದೆ, ಮಾತು ತೇಲಿಸಲು. ಹಿಂದೆ ನಿಂತಿದ್ದ ಕಾಕಾ ಸಣ್ಣ ಮುಖ ಮಾಡಿ ಮುಂದೆ ಬಂದರು. “ನಾನ ತೆಗದಿದ್ದೆಪಾ. ಇಷ್ಟ ಸಣ್ಣ ಡಬ್ಬಿಯಾಗ ನಮ್ಮ ಮಂದಿನೆಲ್ಲಾ ಹೆಂಗ ಹಿಡಿಸ್ಯಾನ ಅಂತ ನೋಡಾಕ.”

“ಹಂಗಾದ್ರ ಬೆಳಕು ಬಿದ್ದಿರಬೇಕ್ರಿ” ಅಂದೆ.

ಮುಚ್ಚಳ ತೆಗೆದರೆ ಏನೂ ಆಗುವುದಿಲ್ಲ, ಒಳಗೆ ರೋಲಿಗೆ ತನ್ನದೇ ಕವಚ ಇರುತ್ತದೆ ಎನ್ನುವುದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಅವರು ನನಗೇ ಕೈಮುಗಿದು ಹೋದರು.

ಆಮೇಲೆ ನನ್ನ ಕೂದಲು ಉದುರಿದವು, ಹೊಟ್ಟೆ ಬಂತು, ಸ್ವಂತ ಸ್ಟುಡಿಯೋ ಆಯಿತು. ಅವರೂ ಊರಿನ ಮನೆ ಬಿಟ್ಟು ತೋಟದಲ್ಲಿ ಹೊಸ ಮನೆ ಕಟ್ಟಿದರು. ಭಾನುವಾರ ಕಾರಿನಿಂದ ಇಳಿದಾಗ ನನಗೆ ಅವರ ಗುರುತು ಸಿಗಲಿಲ್ಲ, ಅವರಿಗೆ ನನ್ನದೂ ಸಿಗಲಿಲ್ಲ.

“ಅವತ್ತಿನಿಂದ ಮುತ್ಯಾ ಒಂದ ಫೋಟೋದಾಗೂ ನಿಂತಿಲ್ರಿ” ಎಂದು ಪಲ್ಲವಿ ಕತೆ ಮುಗಿಸಿದಳು. “ನನ್ನ ತೊಟ್ಟಲದಾಗ ಹಾಕೂ ಫೋಟೋದಾಗೂ ಇಲ್ಲ.”

“ನನ್ನ ಕೈಗುಣ ಹಂತಾದ್ ಬಿಡವಾ” ಅಂದರು ಕಾಕಾ. ಈ ಸಲ ನಗಲಿಲ್ಲ.

ಓದುಗರೇ, ನಿಮ್ಮ ಹತ್ತಿರ ಸುಳ್ಳು ಯಾಕೆ? ಆ ಕ್ಷಣ ನನ್ನ ತಲೆಯಲ್ಲಿ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಲೆಕ್ಕಾಚಾರ. ಇವರಿಗೆ ಗುರುತು ಸಿಕ್ಕಿಲ್ಲ. ಫೋಟೋ ಹೊಡೆದು, ಚಹಾ ಕುಡಿದು, ಕತ್ತಲಾಗುವುದರೊಳಗೆ ವಿಜಯಪುರ ಸೇರಬಹುದು. ಈಗಿನ ಕಾಲದಲ್ಲಿ ಒಂದು ಮಾತು ಇಡೀ ಜಿಲ್ಲೆಯ ವಾಟ್ಸ್ಯಾಪ್ ಸುತ್ತಲು ಎಷ್ಟು ಹೊತ್ತು? ಕಣ್ಣು ವ್ಯೂಫೈಂಡರಿಗೆ ಒತ್ತಿದೆ. ಫೋಕಸ್ ಮಾಡಿದೆ. ನಡುವೆ ಖಾಲಿ ಕುರ್ಚಿ. ಫೋಕಸ್ ಪಾಯಿಂಟ್ ಹೋಗಿ ಹೋಗಿ ಅದರ ಮೇಲೇ ಕೂತಿತು.

ಬಟನ್ ಒತ್ತಲು ಆಗಲಿಲ್ಲ.

“ಕಾಕಾ, ಡಬ್ಬಿ ಮುಚ್ಚಳ ತೆಗದ್ರ ರೋಲಿಗೆ ಏನೂ ಆಗೂದಿಲ್ರಿ” ಅಂದೆ, ತಿರುಗಿ ನೋಡದೆ.

“ನಿನಗೇನ್ ಗೊತ್ತು? ಆ ಫೋಟೋದಂವನ ಹೇಳ್ಯಾನ.”

“ಆ ಫೋಟೋದಂವ ನಾನ ರೀ.”

ಮಹಾದೇವಿ ಸಾಲು ಬಿಟ್ಟು ಹತ್ತಿರ ಬಂದು ನನ್ನ ಮುಖ ನೋಡಿದರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ.

“ಆಂವಗ ತಲಿ ತುಂಬ ಕೂದಲಿದ್ದುವಲ್ರಿ?”

“ಇದ್ದುವ್ರಿ” ಅಂದೆ. ಬೇರೇನು ಹೇಳಲಿ?

ಎಲ್ಲ ಹೇಳಿದೆ. ತಿರುಗದ ಗುಬುಟು, ನಲವತ್ತಾದರೂ ನಿಲ್ಲದ ಲಿವರ್, ಗಾಜಿನಂಥ ನೆಗೆಟಿವ್. ಕಾಕಾ ತಲೆ ಒಂದು ಕಡೆ ವಾಲಿಸಿ ಕೇಳಿದರು. ಮುಗಿದ ಮೇಲೆ ಒಂದೇ ಪ್ರಶ್ನೆ.

“ಅಂದ್ರ, ನಾ ತೆಗೀದಿದ್ರೂ ಫೋಟೋ ಬರ್ತಿರಲಿಲ್ಲ?”

“ಇಲ್ರಿ.”

“ಮತ್ತ ಅವತ್ತ ನಾ ನಿನ್ನ ಮುಂದ ನಿಂತಿದ್ದೆ. ಯಾಕ ಹೇಳಲಿಲ್ಲೋ?”

“ಹೆದರಿದ್ದೆ ರೀ ಕಾಕಾ.”

ಕಾಕಾ ತಿರುಗಿ ಮನೆಯೊಳಗೆ ಹೋಗಿಬಿಟ್ಟರು.

ಬೈದಿದ್ದರೆ ಚೆನ್ನಾಗಿತ್ತು. ಶಿವಾನಂದ ನೆಲ ನೋಡುತ್ತಿದ್ದರು. ಮಹಾದೇವಿ ಸೆರಗಿನ ತುದಿ ಹಿಡಿದು ತಿರುವುತ್ತ, “ನಾ ಲಗ್ನಾಗಿ ಬಂದಾಗಿಂದ ಅವರಿಗೆ ಚಾಷ್ಟಿ ಮಾಡಕೋತ ಬಂದೇನಿ” ಎಂದು ತಮಗೆ ತಾವೇ ಹೇಳಿಕೊಂಡರು. “ಒಂದ ದಿನಾನೂ ತಿರುಗಿ ಮಾತಾಡಲಿಲ್ಲ ಮನಷ್ಯಾ.” ಆಮೇಲೆ ನನ್ನ ಕಡೆ ತಿರುಗಿ, “ನಿಮಗ ಏನ ಅನಬೇಕೋ ತಿಳೀವಲ್ದು. ಆಮ್ಯಾಲೆ ಅಂತೀನಿ, ತಡೀರಿ” ಅಂದರು.

ಹತ್ತು ನಿಮಿಷ. ದ್ರಾಕ್ಷಿ ಪಡದ ಮೇಲೆ ಬೆಳಕು ಹಳದಿಯಾಗುತ್ತ ಬಂತು. ಟ್ರೈಪಾಡ್ ಮಡಚಲೋ ಬೇಡವೋ ಎಂದು ನಾನು ಯೋಚಿಸುತ್ತಿದ್ದಾಗ ಬಾಗಿಲಲ್ಲಿ ಕಾಕಾ ಕಾಣಿಸಿಕೊಂಡರು. ಒಗೆದ ಬಿಳಿ ಧೋತ್ರ, ಇಸ್ತ್ರಿಯ ಅಂಗಿ, ತಲೆಗೆ ಹಳದಿ ರುಮಾಲು, ಹಣೆಗೆ ಹೊಸದಾಗಿ ವಿಭೂತಿ. ಯಾರ ಕಡೆಗೂ ನೋಡದೆ ಸೀದಾ ಬಂದು ನಡುವಿನ ಕುರ್ಚಿಯಲ್ಲಿ ಕೂತರು. ಎರಡೂ ಕೈ ಮೊಣಕಾಲ ಮೇಲೆ.

“ಈಗ ಹೊಡಿ. ರೋಲ್ ಬರೋಬರಿ ಹಾಕಿಯೇನು?”

ಈಗ ರೋಲಿಲ್ಲ, ಕಾರ್ಡು ಎಂದು ಹೇಳುವ ಸಾಹಸ ಮಾಡಲಿಲ್ಲ. “ಹಾಕೇನ್ರಿ” ಅಂದೆ.

ಅಲ್ಲಿಂದ ಶುರುವಾಯಿತು ನನ್ನ ನಿಜವಾದ ಶಿಕ್ಷೆ. ಪ್ರತಿ ಕ್ಲಿಕ್ಕಿಗೂ ಕಾಕಾ ಕುರ್ಚಿಯಿಂದ ಎದ್ದು ಬಂದು ಸ್ಕ್ರೀನ್ ನೋಡುವುದು. “ಬಂದೈತಿ” ಎಂದು ಖಾತ್ರಿ ಮಾಡಿಕೊಂಡು ಹೋಗಿ ಮತ್ತೆ ಕೂರುವುದು. ಇಪ್ಪತ್ತೇಳು ವರ್ಷ ಕ್ಯಾಮೆರಾ ಎದುರು ಕೂರದ ಮನುಷ್ಯ, ಬಟನ್ ಒತ್ತುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುತ್ತಿದ್ದರು. ಗ್ರೂಪಿನಲ್ಲಿ ಇದಕ್ಕೊಂದು ಉಪಾಯವಿದೆ. ಎಲ್ಲರಿಗೂ ಕಣ್ಣು ಮುಚ್ಚಲು ಹೇಳುವುದು, ಮೂರು ಅಂದ ಕೂಡಲೇ ತೆಗೆಯಲು ಹೇಳುವುದು, ಆಗ ಕ್ಲಿಕ್ ಮಾಡುವುದು. ಮಾಡಿದೆ. ಇಪ್ಪತ್ತಮೂರು ಜನ ಮೂರಕ್ಕೆ ಕಣ್ಣು ತೆರೆದರು. ಕಾಕಾ ನಾಲ್ಕಕ್ಕೆ.

ಹತ್ತು ಫ್ರೇಮ್ ಆದವು. ಹತ್ತರಲ್ಲೂ ಮುಚ್ಚಿದ ಕಣ್ಣು. ಹನ್ನೊಂದನೆಯದಕ್ಕೆ ಮಹಾದೇವಿ ಬಗ್ಗಿ ಅವರ ಕಿವಿಯಲ್ಲಿ ಏನೋ ಅಂದರು. ಏನೆಂದು ನನಗೆ ಕೇಳಿಸಲಿಲ್ಲ. ಕಾಕಾ ಬಾಯ್ತೆರೆದು ನಕ್ಕರು. ಒತ್ತಿದೆ. ಅಷ್ಟರಲ್ಲಿ ಬೆಳಕು ಹೋಯಿತು.

ಚಹಾ ಕೊಟ್ಟರು. ಮಹಾದೇವಿ ಮಾತಿಗೆ ತಪ್ಪದೆ ಚಹಾದ ಜೊತೆ ಬೈದರೂ ಬೈದರು, ಪೂರಾ ಅರ್ಧ ಗಂಟೆ. ನಾನು ತಲೆ ತಗ್ಗಿಸಿ ಕೇಳಿದೆ. ಕಾಕಾ ಮಾತ್ರ, “ಸಾಕ್ ಬಿಡವಾ, ಸಣ್ಣಾವ ಇದ್ದ ಆವಾಗ” ಅಂದರು. ಆ ಒಂದು ಮಾತಿಗಿಂತ ಬೈಗಳೇ ಹಗುರ ಇದ್ದವು.

ಸ್ಟುಡಿಯೋಕ್ಕೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಹನ್ನೊಂದನೆಯದರಲ್ಲೂ ಅದೇ ಪಾಡು. ನಕ್ಕ ಭರದಲ್ಲಿ ಕಣ್ಣುಗಳು ಕೆನ್ನೆಯೊಳಗೆ ಮುಳುಗಿಹೋಗಿವೆ. ಇನ್ನೊಂದು ಫ್ರೇಮಿನಿಂದ ಕಣ್ಣು ತಂದು ಅಂಟಿಸುವುದು ಈಗ ಐದು ನಿಮಿಷದ ಕೆಲಸ. ಆದರೆ ತರುವುದು ಎಲ್ಲಿಂದ? ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಗುರುವಾರ ಕಳಿಸಿದೆ.

ನಿನ್ನೆ ಬೆಳಿಗ್ಗೆ ಫೋನು. ಕಾಕಾನೇ.

“ಫೋಟೋ ಮುಟ್ಟೈತಿ. ಪಡಸಾಲ್ಯಾಗ ಹಾಕೇವಿ. ಎಲ್ಲಾರೂ ಚಲೋ ಬಂದಾರ.” ಆಮೇಲೆ ಕೇಳಿದರು, “ನನ್ನ ಕಣ್ಣ ಎಲ್ಲಿ ಹೋದ್ವೋ?”

“ನಂದ ತಪ್ಪರಿ ಕಾಕಾ” ಅಂದೆ.

“ಹೌದ್ಹೌದು, ನಿಂದ!” ಎಂದು ಖುಷಿಯಿಂದ ಫೋನಿಟ್ಟರು.

ಕಣ್ಣು ಮುಚ್ಚಿದ್ದು ಅವರು, ಆದರೆ ಅದನ್ನು ಹೇಳಲು ನನಗೆ ಬಾಯಿ ಎಲ್ಲಿದೆ?