ರೆಪ್ಪೆಯಿಂದ ಆರಿಸುವ ಉಪ್ಪು

ನಮ್ಮ ಮನೆತನಕ್ಕೆ ಸ್ವಂತದ್ದೊಂದು ನರಕವಿತ್ತು. ಬೇರೆಯವರಿಗೆ ಹೊಲ, ಮನೆ, ಹಳೆಯ ವ್ಯಾಜ್ಯ ಇಂಥವು ಹಿರಿಯರಿಂದ ಬರುತ್ತವೆ. ನಮಗೆ ಅವುಗಳ ಜೊತೆಗೆ ಇದೂ ಬಂದಿತ್ತು. ನಮ್ಮವ್ವ ಇರುವತನಕ ಅದರ ಉಸ್ತುವಾರಿ ಅವ್ವನದು. ಆಮೇಲೆ ಒರಳು, ಬೀಸುಕಲ್ಲುಗಳ ಸಮೇತ ಅದು ನನ್ನ ಅತ್ತಿಗೆಯ ವಶಕ್ಕೆ ಬಂತು. ಆಕೆ ಅದನ್ನು ಒಂದು ದಿನವೂ ಬಾಗಿಲು ಮುಚ್ಚದೆ ನಡೆಸಿದಳು.

ಅಲ್ಲಿನ ಕಾಯ್ದೆಗಳು ಸರಳವಾಗಿದ್ದವು. ಸುಳ್ಳು ಹೇಳಿದರೆ ನಾಲಿಗೆ ಕೊಯ್ಯುತ್ತಾರೆ. ಅನ್ನ ಬಿಸಾಡಿದರೆ ಹುಳ ತಿನ್ನಿಸುತ್ತಾರೆ. ಉಪ್ಪು ಚೆಲ್ಲಿದರೆ, ಸತ್ತ ಮೇಲೆ ಅಷ್ಟೂ ಹರಳನ್ನು ಕಣ್ಣಿನ ರೆಪ್ಪೆಯಿಂದ ಒಂದೊಂದಾಗಿ ಆರಿಸಬೇಕು. ನಾನು ಲಿಂಗಸುಗೂರಿನ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಎತ್ತು ಕದ್ದವರಿಗೆ, ಬದು ಒತ್ತಿದವರಿಗೆ, ತಲೆ ಒಡೆದವರಿಗೆ ಆದ ಶಿಕ್ಷೆಗಳನ್ನೆಲ್ಲ ಹತ್ತಿರದಿಂದ ಬಲ್ಲೆ. ಒಂದು ಚಿಟಿಕೆ ಉಪ್ಪಿಗೆ ಇಂಥ ಸಜೆ ಕೊಡುವ ನ್ಯಾಯಾಧೀಶರನ್ನು ಮಾತ್ರ ಕಂಡಿಲ್ಲ. ಅಲ್ಲಿ ವಕೀಲರಿಲ್ಲ, ಜಾಮೀನಿಲ್ಲ, ಮುಂದಿನ ವಾಯಿದೆ ಎಂಬುದಂತೂ ಇಲ್ಲವೇ ಇಲ್ಲ.

ಸಿಂಧನೂರಿನ ಬಜಾರದಲ್ಲಿ ಅಣ್ಣನ ಕಿರಾಣಿ ಅಂಗಡಿ, ಹಿಂದೆಯೇ ಮನೆ. ಕಟ್ಟೆಯ ಮೇಲೆ ಹರಳುಪ್ಪಿನ ಚೀಲ ಸದಾ ಬಾಯಿ ತೆರೆದುಕೊಂಡು ನಿಂತಿರುತ್ತಿತ್ತು. ಜವಳಗೇರಾ, ವಳಕಮದಿನ್ನಿ ಕಡೆಯವರು ದನಗಳಿಗೆಂದು, ಉಪ್ಪಿನಕಾಯಿಗೆಂದು ಒಯ್ಯುತ್ತಿದ್ದರು. ಕಡೆಗಾಲದಲ್ಲಿ ಅಣ್ಣನಿಗೆ ಕೈ ನಡುಗುತ್ತಿತ್ತು. ಚೀಲಕ್ಕೂ ತಕ್ಕಡಿಗೂ ನಡುವೆ ಹರಳುಗಳು ಉದುರುತ್ತಲೇ ಇದ್ದವು.

"ಏನ್ರೀ, ಮತ್ತ ಚೆಲ್ಲಾಕತ್ತೀರಿ ನೋಡ್ರಿ!" ಒಳಗಿನಿಂದಲೇ ಅತ್ತಿಗೆಯ ದನಿ. "ಅಲ್ಲಿ ಹೋದ ಮ್ಯಾಲ ರೆಪ್ಪಿಲೆ ಆರಿಸಬೇಕಾಗ್ತೈತಿ."

"ಆರಿಸಿದ್ರಾತು ಬಿಡು. ಅಲ್ಲಿ ನನಗರ ಬ್ಯಾರೆ ಏನ್ ಕೆಲ್ಸ ಇರ್ತೈತಿ?"

ಗಿರಾಕಿ ಚೀಲದ ಬಾಯಿ ಅಗಲಿಸಿ, "ಸಾವ್ಕಾರ್ರ, ಹೆಂಗೂ ಸಜಾ ಬಿದ್ದೇ ಬೀಳ್ತೈತಿ. ಇನ್ನೊಂದೀಟು ಚೆಲ್ರಿ, ನನ್ನ ಚೀಲದಾಗ" ಅನ್ನುತ್ತಿದ್ದ.

ಎಲ್ಲರೂ ನಗುತ್ತಿದ್ದೆವು. ಕಟ್ಟೆಯ ಅಂಚಿಗೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದ ಅಣ್ಣನ ಮೊಮ್ಮಗಳು, ಎರಡನೇ ಕ್ಲಾಸಿನ ಹುಡುಗಿ, ಅವಳೂ ನಗುತ್ತಿದ್ದಳು. ಅವಳು ಇದನ್ನು ತಮಾಷೆ ಎಂದೇ ತಿಳಿದಿದ್ದಾಳೆ ಎಂದು ಹಿರಿಯರಾದ ನಾವು ತೀರ್ಪು ಕೊಟ್ಟುಕೊಂಡೆವು. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಹೋದ ಚಳಿಗಾಲದಲ್ಲಿ ಅಣ್ಣ ತೀರಿಕೊಂಡ. ಮಸ್ಕಿ ದಾರಿಯಲ್ಲಿರುವ ನಮ್ಮ ಹೊಲದಲ್ಲಿ, ಅಪ್ಪನ ಗದ್ದುಗೆಯ ಪಕ್ಕದಲ್ಲೇ ಮಣ್ಣು ಮಾಡಿದೆವು. ನಮ್ಮಲ್ಲಿ ಸುಡುವುದಿಲ್ಲ, ಕೂಡಿಸಿ ಮಣ್ಣು ಕೊಡುತ್ತೇವೆ. ಅಯ್ಯನವರು ಮಂತ್ರ ಹೇಳುತ್ತಿದ್ದಂತೆ ವಿಭೂತಿ, ಬಿಲ್ವಪತ್ರಿ ಹಾಕಿ, ದೇಹದ ಸುತ್ತ ಉಪ್ಪು ಸುರಿದೆವು. ಅವನ ಅಂಗಡಿಯ ಉಪ್ಪೇ, ತುಂಬಿದ ಚೀಲ. ಜೀವಮಾನವೆಲ್ಲ ಉಪ್ಪು ತೂಗಿದವನಿಗೆ ತೂಗದೆಯೇ ಕೊಟ್ಟೆವಲ್ಲ ಎಂದು ಮನಸ್ಸಿಗೆ ಸಮಾಧಾನವಾಯಿತು. ಹೆಣ್ಣುಮಕ್ಕಳು ಬೇವಿನ ಮರದ ಕೆಳಗೆ ನಿಂತಿದ್ದರು. ಮೊಮ್ಮಗಳು ಅಲ್ಲೇ, ತನ್ನ ಅವ್ವನ ಸೆರಗು ಹಿಡಿದುಕೊಂಡು ನೋಡುತ್ತಿದ್ದಳು.

ತಿಂಗಳೊಪ್ಪತ್ತಿನ ಮೇಲೆ ಅಣ್ಣನ ಮಗನ ಫೋನು ಬಂತು. ಈಗ ಅಂಗಡಿ ಅವನದೇ. "ಕಾಕಾ, ಹುಡುಗಿ ಕಣ್ಣು ಕೆಂಡ ಆಗ್ಯಾವು. ಡಾಕ್ಟರ್ ಹನಿ ಕೊಟ್ರು, ಇಳೀತು. ಮತ್ತ ಬಂತು. ಇನ್ನೊಮ್ಮೆ ಹಿಂಗಾದ್ರ ಕಣ್ಣಿನ ಗುಡ್ಡಿಗೆ ಗಾಯ ಆಗ್ತೈತಿ, ನೆದರು ಹೋಗಬೌದು ಅಂದಾರ. ಕಣ್ಣಿಗೆ ಏನ್ ಹಾಕ್ಕೊಳ್ತಾಳ ನೋಡ್ರಿ ಅಂತ ನನಗ ಬೈದ್ರು. ಆಕಿನ್ನ ಕೇಳಿದ್ರ ಬಾಯೇ ಬಿಡವಲ್ಲಳು. ನೀವರ ಬಂದು ಕೇಳ್ರಿ."

ಕೋರ್ಟಿನಲ್ಲಿದ್ದವನಿಗೆ ಬಾಯಿ ಬಿಡಿಸುವುದು ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ನಾನು ಅದನ್ನು ಅಲ್ಲಗಳೆಯಲಿಲ್ಲ. ಮರುದಿನದ ಬಸ್ಸು ಹಿಡಿದೆ.

ಸಿಂಧನೂರು ಮುಟ್ಟಿದಾಗ ಊಟದ ಹೊತ್ತು. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಕಟ್ಟೆಯ ಮೇಲೆ, ಉಪ್ಪಿನ ಚೀಲದ ಪಕ್ಕ, ಹುಡುಗಿ ಬೋರಲಾಗಿ ಮಲಗಿದ್ದಳು. ನಿದ್ದೆ ಹೋಗಿದ್ದಾಳೆ ಅಂದುಕೊಂಡೆ. ಹತ್ತಿರ ಹೋದರೆ, ಕೆನ್ನೆಯನ್ನು ಕಲ್ಲಿಗೆ ಒತ್ತಿ, ಕಣ್ಣನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದಳು. ಎತ್ತಿ ಕೂಡಿಸಿದೆ. ಕೆನ್ನೆಗೆ ಹರಳು ಅಂಟಿದ್ದವು. ಕಣ್ಣಿನಿಂದ ನೀರು ಧಾರಾಕಾರ.

"ಏನ್ ಮಾಡಾಕತ್ತೀಬೇ?"

"ಆರಿಸಾಕತ್ತೀನಿ."

"ಯಾಕ?"

"ತಾತ ಚೆಲ್ಲಿದ್ದು ಭಾಳ ಐತಿ, ಸಣ್ಣ ತಾತ. ಅವಂದು ಕೈ ನಡುಗ್ತಾವು, ಕಣ್ಣೂ ಕಾಣ್ಸಂಗಿಲ್ಲ. ಚಷ್ಮಾ ಇಲ್ಲೇ ಐತಿ." ಮೂಗು ಒರೆಸಿಕೊಂಡಳು. "ನಾ ಇಲ್ಲಿ ಆರಿಸಿದ್ರ ಅಲ್ಲಿ ಕಡಿಮಿ ಆಗ್ತೈತಿ."

"ತಾತ ನರಕಕ್ಕ ಹೋಗ್ಯಾನಂತ ನಿನಗ ಯಾರ್ ಹೇಳಿದ್ರು?"

ಅವಳು ನನ್ನನ್ನು ನೋಡಿದ ರೀತಿ, ಸ್ವತಃ ಸಹಿ ಹಾಕಿ ಮರೆತ ಕಕ್ಷಿದಾರನನ್ನು ವಕೀಲ ನೋಡುವ ರೀತಿ.

"ನೀವೇ ಕಳ್ಸಿದ್ರಲ್ಲ! ಮಣ್ಣು ಕೊಡು ದಿನ ಚೀಲದ ತುಂಬ ಉಪ್ಪು ಹಾಕಿದ್ರಿ. ಅವಾ ಚೆಲ್ಲಿದ್ದೆಲ್ಲ ಲೆಕ್ಕ ಹಚ್ಚಿ ಕೊಟ್ರಿ, ಆರಿಸ್ಕೋ ಅಂತ. ನಾ ನೋಡೀನಿ."

ಇಷ್ಟು ವರ್ಷ ಸಾಕ್ಷಿಗಳನ್ನು ಕೇಳಿದವನು ನಾನು. ಹೀಗೆ ಎಲ್ಲ ಕೊಂಡಿಯೂ ಕೂಡಿಕೊಂಡ ಸಾಕ್ಷಿಯನ್ನು ಕೇಳಿರಲಿಲ್ಲ. ಕಾಯ್ದೆಯನ್ನು ಆಯಿಯಿಂದ, ಅಂದರೆ ನನ್ನ ಅತ್ತಿಗೆಯಿಂದಲೇ ಕಲಿತಿದ್ದಳು, ಅಪರಾಧವನ್ನು ದಿನವೂ ಕಂಡಿದ್ದಳು, ಶಿಕ್ಷೆಯ ಸಾಮಾನನ್ನು ನಾವೇ ಅವಳ ಕಣ್ಣೆದುರಿಗೆ ಕುಣಿಯೊಳಗೆ ಇಳಿಸಿದ್ದೆವು.

ನಾನು ಗಂಟಲು ಸರಿಮಾಡಿಕೊಂಡು, ನಿವೃತ್ತ ಶಿರಸ್ತೇದಾರನಿಗೆ ಒಪ್ಪುವ ಗಾಂಭೀರ್ಯದಿಂದ ನರಕವನ್ನು ರದ್ದು ಮಾಡಿದೆ. "ನೋಡವ್ವಾ, ನರಕ ಅನ್ನೂದು ಇಲ್ಲ. ಎಲ್ಲೂ ಇಲ್ಲ. ಅದೆಲ್ಲ ಸುಳ್ಳು."

ಅವಳು ಯೋಚಿಸಿದಳು. ಆಮೇಲೆ ಅವಳ ಮುಖ ಇನ್ನಷ್ಟು ಸಣ್ಣದಾಯಿತು.

"ಹಂಗಾರ ಆಯಿ ಸುಳ್ಳು ಹೇಳ್ಯಾಳೇನು? ಆಯಿ ನಾಲಿಗಿನೂ ಕೊಯ್ತಾರ?"

ನನ್ನ ಆದೇಶ ಹೀಗೆ ಹೊರಟ ಜಾಗದಲ್ಲೇ ಬಿದ್ದುಹೋಯಿತು. ಅಣ್ಣನನ್ನು ಬಿಡಿಸಲು ಹೋಗಿ ಅತ್ತಿಗೆಯನ್ನು ಒಳಗೆ ಹಾಕಿಸಿದ್ದೆ. ತಲೆ ಎತ್ತಿದರೆ ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ನನಗೆಂದು ತಂದ ನೀರಿನ ತಂಬಿಗೆ. ಅದನ್ನು ಕೊಡದೆಯೇ ಒಳಗೆ ಹೋದಳು.

ಹುಡುಗಿಯ ಕಣ್ಣು ತೊಳೆಸಿ ಅವಳ ಅವ್ವನ ಕೈಗೆ ಕೊಟ್ಟು ಅಡುಗೆಮನೆಗೆ ಹೋದೆ. ಅತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಆ ಬಡಿತ ರೊಟ್ಟಿಗೆ ಬೇಕಾದ್ದಕ್ಕಿಂತ ಜೋರಾಗಿತ್ತು.

"ಹೆದರಿಕಿ ಇಲ್ದಿದ್ರ ಮಕ್ಳು ಕೆಡ್ತಾವು," ಅಂದಳು, ನಾನು ಬಾಯಿ ತೆರೆಯುವ ಮೊದಲೇ. "ನಿನಗೂ ಇದನ್ನ ಹೇಳೇ ಬೆಳೆಸ್ಯಾರ. ಕೆಟ್ಟಿಯೇನು?"

"ನನಗೂ ಹೇಳಿದ್ರು, ಅಣ್ಣಗೂ ಹೇಳಿದ್ರು. ಅವಾ ಚೆಲ್ಲೂದು ಬಿಟ್ನೇನ್ರಿ?"

"ನಾ ಹೇಳಿದ್ದು ಆಕಿಗೆ. ಆಕಿ ಚೆಲ್ಲಬಾರದು ಅಂತ. ನಿಮ್ಮಣ್ಣನ ಸುದ್ದಿ ನಡುವ ಯಾಕ ಬರಬೇಕು?"

ಇಲ್ಲೇ ಇತ್ತು ಗಂಟು. ಅಂದು ಆ ಒಲೆಯ ಮುಂದೆ ನನಗೆ ಖಚಿತವಾದದ್ದು ಇಂದಿಗೂ ಖಚಿತವಾಗಿದೆ, ಹಾಗಾಗಿ ಬರೆದೇ ಬಿಡುತ್ತೇನೆ: ಮಗುವಿಗೆ ನರಕದ ಭಯ ಕಲಿಸುವುದು ತಪ್ಪು. ಹೆದರಿದ ಮಗು ನಿದ್ದೆಗೆಡುತ್ತದೆ ಎಂಬುದಷ್ಟೇ ಕಾರಣವಲ್ಲ. ಪರೀಕ್ಷೆಗೂ ಮಕ್ಕಳು ನಿದ್ದೆಗೆಡುತ್ತಾರೆ. ನಾವು ಮಗುವಿಗೆ 'ನೀನು ನರಕಕ್ಕೆ ಹೋಗುತ್ತೀ' ಎಂದು ಹೇಳುತ್ತೇವೆ. ಅದು ಮಾತ್ರ ತನ್ನ ಬಗ್ಗೆ ಅಷ್ಟೇನೂ ತಲೆ ಕೆಡಿಸಿಕೊಳ್ಳದೆ, ತನಗೆ ಬೇಕಾದವರನ್ನೆಲ್ಲ ಒಬ್ಬೊಬ್ಬರಾಗಿ ಅಲ್ಲಿ ಕೂಡಿಸಿ ನೋಡುತ್ತದೆ. ನಾವು ಕೆಟ್ಟತನಕ್ಕೆ ಬೇಲಿ ಹಾಕಿದೆವು ಎಂದು ಬೀಗುತ್ತೇವೆ. ಮುಳ್ಳು ನಾಟುವುದು ಪ್ರೀತಿಗೆ. ಹೆದರಬೇಕಾದ ಪುಂಡರು ಈ ಕಥೆಯನ್ನು ಕೇಳಿ ನಕ್ಕು ಎದ್ದು ಹೋಗುತ್ತಾರೆ. ಸಿಕ್ಕಿಬೀಳುವುದು ತಾತನ ಕೈ ನಡುಗುವುದನ್ನು ಗಮನಿಸಿದ ಮಗು.

ಇಷ್ಟನ್ನೂ ನಾನು ಅತ್ತಿಗೆಗೆ ಹೇಳಲಿಲ್ಲ. ಬಿಸಿ ಹಂಚಿನ ಮುಂದೆ ಕೂತ ಹೆಣ್ಣುಮಗಳಿಗೆ ಉಪನ್ಯಾಸ ಕೊಡುವಷ್ಟು ಧೈರ್ಯವಂತ ನಾನಲ್ಲ.

ಅವಳೇ ಕೇಳಿದಳು, ಬಡಿಯುವುದನ್ನು ನಿಲ್ಲಿಸಿ: "ನಿಮ್ಮಣ್ಣ ಅಲ್ಲಿ ಇಲ್ಲ ಅಂತ ನನಗ ಗೊತ್ತಿಲ್ಲೇನು?"

"ನಿಮಗ ಗೊತ್ತೈತಿ ವೈನಿ. ಆಕಿಗೆ ಗೊತ್ತಿಲ್ಲ. ನಾ ಹೇಳಿದ್ರ ನಂಬಂಗಿಲ್ಲ. ಆ ಹೆದರಿಕಿ ಹಾಕಿದವರೇ ತೆಗೀಬೇಕು."

ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಅತ್ತಿಗೆ ಅದನ್ನು ತಿರುವಲಿಲ್ಲ. ಆ ಮನೆಯಲ್ಲಿ ಅದಕ್ಕೂ ಏನೋ ಒಂದು ಶಿಕ್ಷೆ ಇದ್ದಿರಬೇಕು. ಕೈಗೆ ಅಂಟಿದ ಹಿಟ್ಟು ಕೊಡವಿ ಎದ್ದು ಪಡಸಾಲೆಗೆ ಹೋದಳು. ಹುಡುಗಿಯ ಎದುರಿಗೆ ನೆಲದ ಮೇಲೆ ಕೂತಳು.

"ಉಪ್ಪಿನಕಾಯಿ ಹಾಕುವಾಗ ಮಾವಿನಕಾಯಿಗೆ ಉಪ್ಪು ಯಾಕ ಹಾಕ್ತೀನಿ? ಸಜಾ ಕೊಡಾಕೇನು?"

"ಕೆಡಬಾರದು ಅಂತ."

"ತಾತಗೂ ಅದಕ್ಕ ಹಾಕಿದ್ದು. ನಮ್ಮಾವಗೂ ಹಾಕಿದ್ರು, ನಾಳೆ ನನಗೂ ಹಾಕ್ತಾರ. ನಮ್ಮ ಮಂದಿ ಚಂದಾಗಿರ್ಲಿ ಅಂತ ಹಾಕ್ತಾರ."

"ರೆಪ್ಪಿಲೆ ಆರಿಸೂದು?"

ಅತ್ತಿಗೆ ಒಮ್ಮೆ ನನ್ನ ಕಡೆ ನೋಡಿದಳು. ಅತ್ತೆಯಿಂದ ಬಂದ ಆಸ್ತಿ, ಇಷ್ಟು ವರ್ಷ ಕಾಪಾಡಿದ್ದು.

"ಅದು ಸುಳ್ಳು. ನಮ್ಮತ್ತಿ ನನಗ ಹೇಳಿದ್ಳು, ನಾ ನಿನಗ ಹೇಳಿದೆ. ನೋಡಿ ಬಂದವರು ಯಾರೂ ಇಲ್ಲ."

"ಸುಳ್ಳು ಹೇಳಿದ್ರ ನಾಲಿಗಿ…"

"ಇಷ್ಟ್ ದಿನ ಹೇಳೀನಲ್ಲ ಸುಳ್ಳು, ಕೊಯ್ಯವ್ರು ಇದ್ದಿದ್ರ ಬಿಡ್ತಿದ್ರೇನು?" ಎಂದವಳೇ, ಬೀಗರ ಮುಂದೆ ಸೆರಗು ಜಾರಗೊಡದ ನಮ್ಮ ಅತ್ತಿಗೆ, ಎಲೆಅಡಿಕೆಯಿಂದ ಕೆಂಪಾದ ನಾಲಿಗೆಯನ್ನು ಉದ್ದಕ್ಕೆ ಹೊರಗೆ ಚಾಚಿದಳು.

ಹುಡುಗಿ ಉರಿಯುವ ಕಣ್ಣನ್ನು ಅಗಲಿಸಿ, ಆ ಕಡೆ ಈ ಕಡೆ ಬಗ್ಗಿ ಪರಿಶೀಲಿಸಿದಳು. ಬೆರಳಿನಿಂದ ಒಮ್ಮೆ ಮುಟ್ಟಿಯೂ ನೋಡಿದಳು. ಸ್ಥಳ ತನಿಖೆ ಅಂದರೆ ಹಾಗಿರಬೇಕು.

"ಐತಿ," ಅಂದಳು ಕೊನೆಗೆ. ಆಮೇಲೆ ಆಯಿಯ ತೊಡೆಯ ಮೇಲೆ ತಲೆ ಇಟ್ಟು ಹನಿ ಹಾಕಿಸಿಕೊಂಡಳು.

ಕಣ್ಣು ವಾಸಿಯಾದವು. ಬೇಸಿಗೆಯಲ್ಲಿ ಮತ್ತೆ ಹೋದಾಗ ಉಪ್ಪಿನಕಾಯಿಯ ಗಡಿಬಿಡಿ. ಹುಡುಗಿ ಕಟ್ಟೆಯ ಮೇಲಿನ ಚೀಲದಿಂದ ಬೊಗಸೆ ತುಂಬ ಹರಳುಪ್ಪು ತರುತ್ತಿದ್ದಳು. ಹೊಸ್ತಿಲು ಎಡವಿ ಅಷ್ಟನ್ನೂ ಪಡಸಾಲೆಯ ತುಂಬ ಚೆಲ್ಲಿದಳು. ಅತ್ತಿಗೆಯ ಬಾಯಿ ರೂಢಿಯಂತೆ ತೆರೆಯಿತು. "ಚೆಲ್ಲಿದ್ಯಾ? ಅಲ್ಲಿ ಹೋದ ಮ್ಯಾಲ…" ಎಂದವಳು ಅಲ್ಲಿಗೇ ನಿಂತಳು. ಹುಡುಗಿ ಕದಲದೆ ಅವಳನ್ನೇ ನೋಡುತ್ತಿದ್ದಳು. ಮಾವಿನಹೋಳಿನ ಬುಟ್ಟಿ ಹಿಡಿದುಕೊಂಡು ನಾನೂ ಕಾದೆ.

"ನಿಂತು ಏನ್ ನೋಡ್ತಿ?" ಅಂದಳು ಅತ್ತಿಗೆ. "ಬಗ್ಗಿ ಆರಿಸು. ಕೈಲೆ."